ಮರದ ಎಂಜಿನ್

ಮೇಸ್ತ್ರಿಯ ಲೋಕ ನಮ್ಮ ನಿಮ್ಮ ಲೋಕಕ್ಕಿಂತ ನೂರಕ್ಕೆ ಎರಡರಷ್ಟು ದೊಡ್ಡದು. ಇದು ಹೊಗಳಿಕೆಯಲ್ಲ, ಅವನ ಕೆಲಸದ ಮಾತು. ಫೌಂಡ್ರಿಯಲ್ಲಿ ನಲವತ್ತೊಂದು ವರ್ಷ ಅವನು ಮಾಡಿದ್ದು ಮರದ ಅಚ್ಚು. ಪಂಪಿನ ಮೈಯೋ ವಾಲ್ವಿನ ಹೊಟ್ಟೆಯೋ, ಯಾವುದೇ ಇರಲಿ, ಮೊದಲು ಮರದಲ್ಲಿ ಹುಟ್ಟಬೇಕು. ಆ ಮರವನ್ನು ಮರಳಿನಲ್ಲಿ ಒತ್ತಿ ತೆಗೆದಾಗ ಉಳಿಯುವ ಗುಳಿಗೆ ಕರಗಿದ ಉಕ್ಕು ಹೊಯ್ಯುತ್ತಾರೆ. ಉಕ್ಕು ಆರುವಾಗ ಕುಗ್ಗುತ್ತದೆ, ನೂರಕ್ಕೆ ಎರಡರಷ್ಟು. ಹಾಗಾಗಿ ಮರವನ್ನು ಅಷ್ಟು ದೊಡ್ಡದಾಗಿಯೇ ಮಾಡಬೇಕು. ಪ್ರತಿಯೊಂದು ಅಳತೆಗೂ ಗುಣಾಕಾರ ಮಾಡುತ್ತಾ ಕೂತರೆ ತಲೆ ಕೆಡುತ್ತದಲ್ಲ, ಅದಕ್ಕೆ ಅವರ ಹತ್ತಿರ ಬೇರೆಯದೇ ಒಂದು ಸ್ಕೇಲು ಇರುತ್ತದೆ. ನೋಡಲು ಎಲ್ಲ ಸ್ಕೇಲಿನ ಹಾಗೇ, ಅದೇ ಗೆರೆ, ಅದೇ ಅಂಕಿ. ಆದರೆ ಅದರಲ್ಲಿ ನೂರು ಎಂದು ಬರೆದಿರುವುದು ಅಂಗಡಿಯ ಸ್ಕೇಲಿನಲ್ಲಿ ನೂರಾ ಎರಡು.

ಮೇಸ್ತ್ರಿ ಹೇಳುವ ಕಥೆಗಳೂ ಆ ಸ್ಕೇಲಿನಲ್ಲೇ ಅಳೆದವು, ಆರಿದ ಮೇಲೆ ಸರಿಹೋಗುತ್ತವೆ ಎಂದು ಫೌಂಡ್ರಿಯವರು ತಮಾಷೆ ಮಾಡುತ್ತಿದ್ದರು. ಅವನು ನಗುತ್ತಿರಲಿಲ್ಲ. ಅಳತೆಯ ವಿಷಯದಲ್ಲಿ ಅವನಿಗೆ ತಮಾಷೆ ಹಿಡಿಸದು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ ‘ಅಳತೆ ಕೂಡಿಬರಲಿಲ್ಲ’ ಎನ್ನುತ್ತಿದ್ದುದೂ ಗಂಭೀರವಾಗಿಯೇ. ನಿವೃತ್ತಿಯ ದಿನ ಜೊತೆಗಾರರೆಲ್ಲ ಸೇರಿ ಅವನದೇ ಸ್ಕೇಲನ್ನು ಉಜ್ಜಿ ಫಳಫಳ ಮಾಡಿ, ಒಳಗೆ ಮಖಮಲ್ಲು ಹಾಸಿದ ಉದ್ದನೆಯ ಪೆಟ್ಟಿಗೆಯಲ್ಲಿಟ್ಟು ಕೊಟ್ಟರು. ಬೇರೆ ಯಾರಾದರೂ ಆಗಿದ್ದರೆ ಗಡಿಯಾರ ಕೇಳುತ್ತಿದ್ದರು. ಇವನ ಕಣ್ಣಲ್ಲಿ ನೀರು ಬಂತು.

ಮನೆಯಲ್ಲಿ ಅವನೂ ಅಕ್ಕನೂ ಇಬ್ಬರೇ. ತಾಯಿ ಸತ್ತಾಗ ಅವನಿಗೆ ಒಂಬತ್ತು, ಅಕ್ಕನಿಗೆ ಹದಿನೇಳು. ಹೊಲಿಗೆ ಯಂತ್ರ ತುಳಿದು ಅವನನ್ನು ಬೆಳೆಸಿದವಳು ಅವಳು. ಮರಗೆಲಸ ಕಲಿಯಲು ಫೌಂಡ್ರಿಯ ಬಾಗಿಲಿಗೆ ಕೈಹಿಡಿದು ಕರೆದೊಯ್ದು, ‘ಇವನು ಮಾತು ಕಡಿಮೆ, ಕೈ ಚುರುಕು, ಇಟ್ಟುಕೊಳ್ಳಿ’ ಎಂದು ಬಿಟ್ಟುಬಂದವಳೂ ಅವಳೇ. ಯಂತ್ರ ತುಳಿದ ಅದೇ ಬಲಗಾಲು ಅರವತ್ತರ ಹೊತ್ತಿಗೆ ಕೈಕೊಟ್ಟಿತು. ಸೊಂಟದ ಕೀಲಿಗೆ ಸೋಂಕು ತಗುಲಿತು, ಆಪರೇಷನ್ ಮೇಲೆ ಆಪರೇಷನ್ ಆಯಿತು. ಕೊನೆಗೆ ಕಾಲು ಉಳಿಯಿತು, ಆದರೆ ಮಡಚದಂತೆ ನೇರವಾಗಿ ನಿಂತುಬಿಟ್ಟಿತು. ಸೊಂಟದಿಂದ ಹಿಮ್ಮಡಿಯವರೆಗೆ ಒಂದೇ ತುಂಡು.

‘ನೋಡೋ, ನನ್ನ ಕಾಲೂ ನಿನ್ನ ಸ್ಕೇಲೂ ಒಂದೇ ಜಾತಿ’ ಎಂದು ಅಕ್ಕ ನಗುತ್ತಿದ್ದಳು. ಬಗ್ಗಲು ಆಗದ ಅವಳಿಗೆ ಮೇಸ್ತ್ರಿ ಮನೆಯಲ್ಲಿದ್ದ ಮಾಮೂಲಿ ಮೀಟರ್ ಸ್ಕೇಲಿನ ತುದಿಗೆ ತಂತಿಯ ಕೊಕ್ಕೆ ಕಟ್ಟಿಕೊಟ್ಟಿದ್ದ. ಚಪ್ಪಲಿ ಎಳೆದುಕೊಳ್ಳಲು, ಕಿಟಕಿಯ ಪರದೆ ಸರಿಸಲು, ಬಿದ್ದ ಕನ್ನಡಕ ಎತ್ತಲು ಎಲ್ಲಕ್ಕೂ ಅದೇ. ಅದು ಹಗಲೂ ಇರುಳೂ ಅವಳ ಮಂಚದ ಪಕ್ಕದಲ್ಲೇ ಇರುತ್ತಿತ್ತು.

ಮಂಗಳವಾರ ಮತ್ತು ಶುಕ್ರವಾರ ಅಕ್ಕ ನಡೆಯುತ್ತಿದ್ದಳು. ಬೇರೆ ದಿನ ಇಲ್ಲ. ಊರಾಚೆಯ ಆಸ್ಪತ್ರೆಯಲ್ಲಿ ಬಿಸಿನೀರಿನ ಒಂದು ಕೊಳವಿದೆ. ಎದೆಮಟ್ಟದ ನೀರಿನಲ್ಲಿ ಕಂಬಿ ಹಿಡಿದು ನಿಂತರೆ ಮೈಭಾರ ಇಳಿಯುತ್ತದೆ. ಮೊದಲ ತಿಂಗಳು ಹನ್ನೆರಡು ಹೆಜ್ಜೆ, ಆಮೇಲೆ ನಲವತ್ತು, ಕಳೆದ ವರ್ಷ ಇಡೀ ಕೊಳ ಎರಡು ಸುತ್ತು. ಕೊಳದ ಟೀಚರ್ ಎಂದು ಎಲ್ಲರೂ ಕರೆಯುವ ಹೆಂಗಸು ಒಬ್ಬಳಿದ್ದಳು. ಅವಳು ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದು, ‘ಇದನ್ನ ಮಾತ್ರ ತಪ್ಪಿಸಬೇಡಿ ಯಜಮಾನ್ರೇ. ಮೂರು ತಿಂಗಳು ಬಿಟ್ರೆ ಎಡಗಾಲೂ ಹೀಗೇ ಬಿಗಿಯುತ್ತೆ. ಆಮೇಲೆ ನನ್ನ ಕೈಲೂ ಏನೂ ಆಗಲ್ಲ’ ಎಂದಿದ್ದಳು.

ಅಲ್ಲಿಗೆ ಹೋಗಲು ಇದ್ದದ್ದು ಒಂದೇ ದಾರಿ, ಮೇಸ್ತ್ರಿಯ ಹಳೆಯ ಕಾರು. ಮೂತಿ ಉದ್ದದ, ಬಾಗಿಲು ಅಗಲದ, ಈಗ ಯಾರೂ ಮಾಡದ ಕಾರು. ಓಡಿದ ದೂರ ತೋರಿಸುವ ಅದರ ಮೀಟರಿನಲ್ಲಿ ಅಂಕಿಗೆ ಐದೇ ಮನೆ. ನಾಲ್ಕು ಸಲ ಸೊನ್ನೆಗೆ ಬಂದು ಐದನೇ ಸುತ್ತಿನಲ್ಲಿ ಎಂಬತ್ತಾರು ಸಾವಿರ ತೋರಿಸುತ್ತಿತ್ತು. ಮುಂದಿನ ಎಡ ಸೀಟನ್ನು ಕಿತ್ತು, ಎರಡು ಮರದ ಹಳಿಗಳ ಮೇಲೆ ಜಾರುವ ಹಲಗೆಯನ್ನು ಅವನೇ ಕೂರಿಸಿದ್ದ. ಹಲಗೆಯನ್ನು ಬಾಗಿಲಾಚೆ ಎಳೆದರೆ ಅಕ್ಕ ಅದರ ಮೇಲೆ ಒರಗುತ್ತಾಳೆ, ಒಳಕ್ಕೆ ತಳ್ಳಿದರೆ ನೇರ ಕಾಲು ಡ್ಯಾಶ್‌ಬೋರ್ಡಿನ ಕೆಳಗೆ ತಾನಾಗಿ ಹೋಗಿ ಮಲಗುತ್ತದೆ. ಮೇಣ ಸವರಿದ ಹಳಿ, ಚೂರೂ ಸದ್ದಿಲ್ಲ. ಆಸ್ಪತ್ರೆಯ ವ್ಯಾನು ಮೊದಲು ಬರುತ್ತಿತ್ತು, ಈಗ ಬೇರೆ ದಾರಿಗೆ ಹಾಕಿದ್ದರು. ಬೇರೆ ಕಾರು ಒಮ್ಮೆ ಕರೆಸಿ ನೋಡಿದ್ದರು. ಆ ಡ್ರೈವರ್ ಬಡಪಾಯಿ ಎಷ್ಟು ತಿಣುಕಿದರೂ ಕಾಲು ಒಳಗೆ ಹೋಗದೆ, ಕೊನೆಗೆ ಅಕ್ಕನನ್ನು ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿಸಿ ಪಾದವನ್ನು ಕಿಟಕಿಯಾಚೆ ಬಿಟ್ಟಿದ್ದ. ಸಿಗ್ನಲ್ಲಿನಲ್ಲಿ ಜನ ನೋಡಿದರು. ಮನೆಗೆ ಬಂದ ಮೇಲೆ ಅಕ್ಕ ಹೇಳಿದ್ದು ಇಷ್ಟೇ: ‘ಇನ್ನೊಂದ್ ಸಲ ನನ್ನನ್ನ ಸಾಮಾನು ತುಂಬಿದ ಹಾಗೆ ತುಂಬಬೇಡ.’

ಈ ಕಾರಿನ ಎಂಜಿನ್ ಸಾಯತೊಡಗಿತ್ತು. ಸವೆದಾಗಲೆಲ್ಲ ಒಟ್ಟು ಮೂರು ಸಲ ಕೊರೆಸಿದ ಸಿಲಿಂಡರಿನಲ್ಲಿ ಇನ್ನು ಕೊರೆಯಲು ಲೋಹವೇ ಉಳಿದಿರಲಿಲ್ಲ. ಹೊಗೆಯ ಪರೀಕ್ಷೆಯಲ್ಲಿ ಎರಡು ಸಲ ಫೇಲಾಯಿತು. ತಿಂಗಳ ಕೊನೆಯೊಳಗೆ ಪಾಸಾಗದಿದ್ದರೆ ಗಾಡಿಯನ್ನು ಒಪ್ಪಿಸಬೇಕು, ಅದನ್ನು ಹಿಂಡಿ ಮುದ್ದೆ ಮಾಡುತ್ತಾರೆ ಎಂದು ಸಾರಿಗೆ ಕಚೇರಿಯ ಕಾಗದ ಬಂತು. ಮೇಸ್ತ್ರಿ ಆ ಕಾಗದ ಹಿಡಿದು ಕೌಂಟರಿಗೆ ಹೋದ. ಗುಮಾಸ್ತ ಒಳ್ಳೆಯವನೇ.

‘ಬೇರೆ ಎಂಜಿನ್ ಹಾಕಿಸಿ, ನಾವು ಬೇಡ ಅನ್ನಲ್ಲ’ ಎಂದ. ‘ಆದ್ರೆ ಗಾಡಿ ಮೈಗೆ ಗರಗಸ ಮುಟ್ಟಿಸೋ ಹಾಗಿಲ್ಲ. ಇರೋ ಜಾಗದಲ್ಲಿ ಕೂರಬೇಕು. ಅಳತೆ ಸಮೇತ ಪ್ಲಾನ್ ಬರೆದು ತನ್ನಿ, ಸಾಹೇಬ್ರು ನೋಡಿ ಸಹಿ ಹಾಕ್ತಾರೆ.’

‘ಅಳತೆ ಸಮೇತ’ ಎಂಬ ಮಾತು ಕೇಳಿದ್ದೇ ಮೇಸ್ತ್ರಿಗೆ ಆನೆಬಲ ಬಂದಂತಾಯಿತು.

ಅವತ್ತಿನಿಂದ ಅಡುಗೆಮನೆಯ ಮೇಜು ಮೇಜಾಗಿ ಉಳಿಯಲಿಲ್ಲ. ಗೀಟು ಹಾಕಿದ ನೋಟ್‌ಬುಕ್ಕಿನಲ್ಲಿ ಹನ್ನೊಂದು ಎಂಜಿನ್‌ಗಳ ಜಾತಕ ಬರೆದ. ಒಂದು ಎತ್ತರ, ಬಾನೆಟ್ಟು ಮುಚ್ಚುವುದಿಲ್ಲ. ಇನ್ನೊಂದು ಅಡ್ಡ ಕೂರುವ ಜಾತಿ, ಗೇರುಬಾಕ್ಸಿಗೆ ಸೇರದು. ಮತ್ತೊಂದಕ್ಕೆ ಎಣ್ಣೆಯ ತೊಟ್ಟಿ ತಪ್ಪು ಜಾಗದಲ್ಲಿದೆ. ಹನ್ನೆರಡನೆಯದು ಸಿಕ್ಕಿದ್ದು ಗುಜರಿಯಲ್ಲಿ. ಬ್ರೆಡ್ಡು ಹಂಚುವ ಒಂದು ವ್ಯಾನಿಗೆ ಹಿಂದಿನಿಂದ ಲಾರಿ ಗುದ್ದಿ ಹಿಂಭಾಗ ಅಪ್ಪಚ್ಚಿಯಾಗಿತ್ತು. ಮುಂದಿನ ಎಂಜಿನ್ನಿಗೆ ಒಂದು ಗೀರೂ ಇಲ್ಲ. ಓಡಿದ್ದು ನಲವತ್ತೇ ಸಾವಿರ. ಗುಜರಿಯವನು ಎರಡು ವಾರ ಯಾರಿಗೂ ಕೊಡದೆ ಇಟ್ಟುಕೊಳ್ಳಲು ಒಪ್ಪಿದ, ಆದರೆ ಕೊಳ್ಳದೆ ಅಂಗಳ ದಾಟಿಸಲು ಒಪ್ಪಲಿಲ್ಲ. ಕೊಂಡ ಮೇಲೆ ವಾಪಸೂ ಇಲ್ಲ. ಆ ಎಂಜಿನ್ನಿನ ಕೈಪಿಡಿಯನ್ನು ಮಾತ್ರ ಮೇಸ್ತ್ರಿಯ ಕೈಗೆ ಕೊಟ್ಟ. ಅದರಲ್ಲಿ ಕಂಪನಿಯೇ ಅಚ್ಚು ಹಾಕಿಸಿದ ನಕ್ಷೆ. ಬೆಲ್ಟು ಸುತ್ತುವ ಮುಂದಿನ ಪುಲ್ಲಿಯಿಂದ ಹಿಂದಿನ ಅಂಚಿನವರೆಗೆ ಆರುನೂರ ಎಪ್ಪತ್ತೆರಡು ಮಿಲಿಮೀಟರ್.

ಮೂಲೆಯ ಗ್ಯಾರೇಜಿನವನನ್ನು ಜನ ಕರೆಯುವುದು ಡಬಲ್ ಕ್ಲಚ್ ಎಂದು. ಯಾವ ಮಾತನ್ನೂ ಎರಡು ಸಲ ಹೇಳದೆ ಬಿಡನು. ಅವನು ಗುಜರಿಗೆ ಹೋಗಿ ಎಂಜಿನ್ನಿನ ಮೇಲೆ ಗೇಣು ಹಾಕಿ ಬಂದ, ಕಾರಿನ ಬಾನೆಟ್ಟು ಎತ್ತಿ ಅಲ್ಲೂ ಗೇಣು ಹಾಕಿದ.

‘ಎಂಜಿನ್ನು ಮೂರು ಗೇಣು ಅರ್ಧ ಬೆರಳು. ಜಾಗ ಮೂರು ಗೇಣು ಒಂದು ಬೆರಳು. ಕೂರುತ್ತೆ ಮೇಸ್ತ್ರಿ, ಕೂರುತ್ತೆ.’

‘ಗೇಣಲ್ಲಿ ಎಂಜಿನ್ ಅಳೀತಾರೇನಯ್ಯಾ? ಇದೇನು ಹೂವಿನ ಮಾಲೆಯಾ?’

‘ನನ್ನ ಗೇಣು ಸುಳ್ಳು ಹೇಳಲ್ಲ, ಸುಳ್ಳು ಹೇಳಲ್ಲ. ಕೊಂಡು ತನ್ನಿ, ಇಳಿಸಿ ನೋಡೇ ಬಿಡೋಣ.’

‘ನೀನು ಇಳಿಸಿ ನೋಡೋನು. ನಾನು ಅಳೆದು ಇಳಿಸೋನು’ ಎಂದು ಮೇಸ್ತ್ರಿ ಬೆನ್ನು ತಿರುಗಿಸಿ ಮನೆಯೊಳಗೆ ಹೋದ.

ಒಳಗೆ ಅಕ್ಕ ಮಧ್ಯಾಹ್ನದ ನಿದ್ದೆಯಲ್ಲಿದ್ದಳು. ಕೊಕ್ಕೆಯ ಸ್ಕೇಲು ಅವಳ ಎದೆಯ ಮೇಲೇ ಇತ್ತು. ಮೇಸ್ತ್ರಿ ಅದರ ಕಡೆ ನೋಡಲೂ ಇಲ್ಲ. ಸೀದಾ ಕಪಾಟಿಗೆ ಹೋಗಿ ಮಖಮಲ್ಲಿನ ಪೆಟ್ಟಿಗೆ ತೆರೆದ. ಇಷ್ಟು ದೊಡ್ಡ ಕೆಲಸಕ್ಕೆ ಬೇರೆ ಯಾವುದನ್ನು ತೆಗೆದಾನು? ನಲವತ್ತೊಂದು ವರ್ಷ ಕೈ ಚಾಚಿದಾಗಲೆಲ್ಲ ಸಿಕ್ಕಿದ್ದು ಅದೇ. ಬಾನೆಟ್ಟಿನ ಕೆಳಗೆ ರೇಡಿಯೇಟರಿನಿಂದ ಹಿಂದಿನ ತಗಡಿನ ಗೋಡೆಯವರೆಗೆ ಮೂರು ಸಲ ಅಳೆದ. ಮೂರು ಸಲವೂ ಆರುನೂರ ಅರವತ್ತೇಳು.

ಐದು ಮಿಲಿಮೀಟರ್ ಕಡಿಮೆ. ಫ್ಯಾನನ್ನು ತೆಗೆದು ರೇಡಿಯೇಟರಿನ ಮುಂದೆ ಹಾಕುವ ಲೆಕ್ಕ ಸೇರಿಸಿಯೇ ಇಷ್ಟು.

ಅವನು ಅಷ್ಟಕ್ಕೇ ಬಿಡುವ ಮನುಷ್ಯನಲ್ಲ. ನಕ್ಷೆಯ ಅಂಕಿ ಒಂದು, ಕಣ್ಣಾರೆ ಕಾಣುವುದು ಇನ್ನೊಂದು. ಹಳೆಯ ಪ್ಯಾಕಿಂಗ್ ಪೆಟ್ಟಿಗೆಗಳನ್ನು ಒಡೆದು, ಹಿತ್ತಿಲ ತಗಡಿನ ಮಾಡಿನ ಕೆಳಗೆ ಒಂಬತ್ತು ದಿನ ಕೂತು, ಕೈಪಿಡಿಯ ಒಂದೊಂದು ಅಂಕಿಯನ್ನೂ ತನ್ನ ಸ್ಕೇಲಿನಿಂದ ಮರಕ್ಕೆ ಇಳಿಸಿ ಒಂದು ಎಂಜಿನ್ನನ್ನೇ ಮಾಡಿದ. ಪುಲ್ಲಿ ಇತ್ತು, ಎಣ್ಣೆಯ ತೊಟ್ಟಿ ಇತ್ತು, ಮೇಲಿನ ಮುಚ್ಚಳದ ಎಂಟು ಬೋಲ್ಟಿನ ತಲೆಗಳೂ ಇದ್ದವು. ಆ ಬೋಲ್ಟುಗಳು ಬೇಕಿರಲಿಲ್ಲ. ಆದರೆ ಅವನು ಸುಖವಾಗಿದ್ದ ಕೊನೆಯ ಒಂಬತ್ತು ದಿನ ಅವು ಎಂದು ಈಗ ಅನ್ನಿಸುತ್ತದೆ. ಅಕ್ಕ ಅವನ ಭುಜ ಹಿಡಿದು ಬಂದು, ಬಾಗಿಲಿಗೆ ಒರಗಿ ನಿಂತು ನೋಡಿ, ‘ಇಷ್ಟು ಚೆಂದ ಇದೆಯಲ್ಲೋ, ಇದನ್ನೇ ಹಾಕಿ ಓಡಿಸು. ಹೊಗೆನೂ ಬರಲ್ಲ’ ಎಂದಳು.

ಮರದ ಎಂಜಿನ್ನನ್ನು ಇಳಿಸುವ ದಿನ ಡಬಲ್ ಕ್ಲಚ್ ಹಳೆಯ ಎಂಜಿನ್ನನ್ನು ಸರಪಳಿಯಲ್ಲಿ ಎತ್ತಿ ಪಕ್ಕಕ್ಕೆ ಇಟ್ಟಿದ್ದ. ಇಬ್ಬರೂ ಎರಡು ಕಡೆ ಹಿಡಿದು ನಿಧಾನವಾಗಿ ಬಿಟ್ಟರು. ಹಿಂಭಾಗ ಕೂತಿತು. ಮುಂಭಾಗ ರೇಡಿಯೇಟರಿನ ಅಂಚಿಗೆ ತಾಗಿ ನಿಂತಿತು. ಓರೆ ಮಾಡಿದರು, ಎತ್ತಿ ಮತ್ತೆ ಇಳಿಸಿದರು. ಕೂರಲಿಲ್ಲ. ಅಂಚನ್ನು ಮೀರಿ ಚಾಚಿದ್ದ ಪುಲ್ಲಿಗೆ ಮೇಸ್ತ್ರಿ ತನ್ನ ಸ್ಕೇಲು ಹಿಡಿದ. ಐದು ಮಿಲಿಮೀಟರ್. ಸ್ಕೇಲು ಹೇಳಿದ್ದೂ ಐದು, ಮರ ಹೇಳಿದ್ದೂ ಐದು. ಅನುಮಾನಕ್ಕೆ ಎಡೆಯೇ ಉಳಿಯಲಿಲ್ಲ.

ಡಬಲ್ ಕ್ಲಚ್ ತನ್ನ ಕೈಯನ್ನು ಅಗಲಿಸಿ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡ. ‘ಗೇಣು ಯಾಕೆ ತಪ್ಪಿತು?’ ಎಂದು ಒಂದೇ ಸಲ ಹೇಳಿದ. ಆಮೇಲೆ, ‘ಆದ್ರೂ ಮೇಸ್ತ್ರಿ, ನಿಜವಾದ್ದನ್ನ ಒಂದ್ ಸಲ ತಂದು...’ ಎಂದು ಶುರು ಮಾಡಿದ.

‘ಸಾಕು’ ಎಂದ ಮೇಸ್ತ್ರಿ. ‘ನನ್ನ ಮರಕ್ಕಿಂತ ನಿಜವಾದ್ದು ಇರಲ್ಲ.’

ಆ ಮಾತನ್ನು ಅವನು ಆಡಬಾರದಿತ್ತು.

ಒಳಗೆ ಹೋಗಿ ಮಂಚದ ತುದಿಯಲ್ಲಿ ಕೂತ. ಮುಖ ಸಪ್ಪಗೆ ಮಾಡಿಕೊಂಡು ಕೂತವನನ್ನು ನೋಡಿಯೇ ಅಕ್ಕನಿಗೆ ತಿಳಿಯಿತು.

‘ಎಷ್ಟಕ್ಕೆ ತಪ್ಪಿತು?’

‘ಐದು ಮಿಲಿಮೀಟರ್.’

‘ಅಂದ್ರೆ ಎಷ್ಟು, ತೋರಿಸು.’

ಅವನು ಹೆಬ್ಬೆರಳು ತೋರುಬೆರಳಿನ ನಡುವೆ ಒಂದಿಷ್ಟು ಸಂದಿ ಮಾಡಿ ತೋರಿಸಿದ. ಅಕ್ಕ ಆ ಸಂದಿಯನ್ನು ತುಂಬ ಹೊತ್ತು ನೋಡಿದಳು. ಕೊಳದ ಎರಡು ಸುತ್ತು ಅದರೊಳಗೆ ಹೋಗಿ ಬಿದ್ದಿದ್ದವು.

‘ನೀನೇ ಅಳೆದು ಆಗಲ್ಲ ಅಂದ ಮೇಲೆ ಆಗಲ್ಲ ಅಂತಲೇ ಲೆಕ್ಕ’ ಎಂದಳು. ‘ನೀನು ಒಂದ್ ದಿನವೂ ತಪ್ಪು ಅಳೆದವನಲ್ಲ. ಬಿಡು ತಮ್ಮಾ. ಬೇಜಾರು ಮಾಡ್ಕೋಬೇಡ.’

ತಿಂಗಳ ಕೊನೆಗೆ ಟ್ರಕ್ಕು ಬಂದು ಕಾರನ್ನು ಎಳೆದೊಯ್ದಿತು. ಜಾರುವ ಹಲಗೆಯನ್ನು ಕಿತ್ತುಕೊಳ್ಳಿ ಎಂದು ಟ್ರಕ್ಕಿನವನು ಹೇಳಿದರೂ ಮೇಸ್ತ್ರಿ ಕೀಳಲಿಲ್ಲ. ಯಾವ ಕಾರಿಗೆ ಹಾಕುವುದು? ಬ್ರೆಡ್ಡಿನ ವ್ಯಾನಿನ ಎಂಜಿನ್ನು ಅದೇ ವಾರ ಒಂದು ನೀರಿನ ಪಂಪಿಗೆ ಹೋಯಿತಂತೆ. ಮನೆಯ ಮುಂದೆ ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಉಳಿಯಿತು. ಅಕ್ಕನ ಮಂಚದ ಎದುರಿನ ಕಿಟಕಿಯಿಂದ ಅದು ಚೆನ್ನಾಗಿ ಕಾಣುತ್ತಿತ್ತು.

ಆಂಬುಲೆನ್ಸಿನವರು ಇಂಥದ್ದಕ್ಕೆಲ್ಲ ಬರುವುದಿಲ್ಲ ಎಂದರು. ವ್ಯಾನುಗಳ ಮೆಟ್ಟಿಲು ಎತ್ತರ. ಮೊದಲ ಎರಡು ಮಂಗಳವಾರ ಅಕ್ಕ ಬೆಳಿಗ್ಗೆಯೇ ತಲೆ ಬಾಚಿಕೊಂಡು, ಟವೆಲ್ಲು ಮಡಿಸಿಟ್ಟುಕೊಂಡು ಕೂತಿದ್ದಳು. ಯಾರಾದರೂ ಏನಾದರೂ ದಾರಿ ಮಾಡಿಯಾರೆಂದು. ಮೂರನೇ ಮಂಗಳವಾರ ಬಾಚಿಕೊಳ್ಳಲಿಲ್ಲ. ಕೊಳದ ಟೀಚರ್ ಎರಡು ಸಲ ಫೋನ್ ಮಾಡಿದಳು, ಆಮೇಲೆ ಆ ಸಮಯವನ್ನು ಬೇರೆ ಯಾರಿಗೋ ಕೊಟ್ಟಳು. ಅವಳದೇನು ತಪ್ಪು? ಮೂರು ತಿಂಗಳು ಎಂದವಳು ಸರಿಯಾಗಿಯೇ ಹೇಳಿದ್ದಳು. ಎಡ ಮಂಡಿ ಮೊದಲು ಬೆಳಗಿನ ಹೊತ್ತು ಬಿಗಿಯಿತು, ಆಮೇಲೆ ಇಡೀ ದಿನ. ಐದನೇ ತಿಂಗಳಿಗೆ ಅಕ್ಕ ಹಾಸಿಗೆ ಹಿಡಿದಳು. ತಮಾಷೆ ಮಾಡುವುದನ್ನೂ ಬಿಟ್ಟಳು. ಮನೆಯಲ್ಲಿ ಅದೊಂದು ಸದ್ದು ನಿಂತ ಮೇಲೆ ಗೋಡೆಗಳೂ ಹತ್ತಿರ ಬಂದಂತೆ ಆಯಿತು ಮೇಸ್ತ್ರಿಗೆ. ಬೆಳಗಾದರೆ ಯಾಕೆ ಆಯಿತೋ ಎನ್ನಿಸುತ್ತಿತ್ತು.

ಮರದ ಎಂಜಿನ್ನು ಅಕ್ಕನ ಕೋಣೆಯ ಮೂಲೆಯಲ್ಲೇ ಇತ್ತು. ಎಸೆಯಲು ಅವನಿಗೆ ಮನಸ್ಸಿಲ್ಲ, ನೋಡಲೂ ಮನಸ್ಸಿಲ್ಲ. ಅದರ ಮೇಲೆ ನೀರಿನ ಫ್ಲಾಸ್ಕೂ ಮಾತ್ರೆ ಡಬ್ಬಿಯೂ ಬಂದು ಕೂತವು. ಒಂದು ಮಧ್ಯಾಹ್ನ ಅಕ್ಕ ತಾನಾಗಿಯೇ ಮಾತು ತೆಗೆದಳು.

‘ಕಾಲಿನ ಕೆಳಗೆ ದಿಂಬು ನಿಲ್ಲಲ್ಲ ಕಣೋ, ಜಾರುತ್ತೆ. ಆ ನಿನ್ನ ಎಂಜಿನ್ನನ್ನ ಮಟ್ಟವಾಗಿ ಕೊಯ್ದು ಕಾಲಿಗೆ ಒಂದು ಮಣೆ ಮಾಡ್ಕೊಡು. ಎರಡು ಕಾಲೂ ಅದರ ಮೇಲಿಡ್ತೀನಿ. ಸುಮ್ನೆ ಯಾಕೆ ನಿಂತಿರಬೇಕು ಅದು.’

ಐದು ತಿಂಗಳ ಮೇಲೆ ಅಕ್ಕ ಬಾಯಿಬಿಟ್ಟು ಏನೋ ಕೇಳಿದ್ದಳು. ಅವನು ತಕ್ಷಣ ಫ್ಲಾಸ್ಕು ಇಳಿಸಿ, ಮರವನ್ನು ಮಂಚದ ಹತ್ತಿರ ಎಳೆದ. ಪೆನ್ಸಿಲು ಕಿವಿಯ ಮೇಲಿತ್ತು. ಸ್ಕೇಲಿಗೆ ಕಪಾಟಿನವರೆಗೆ ಯಾಕೆ ಹೋಗುವುದೆಂದು ಅಕ್ಕನ ಪಕ್ಕದಲ್ಲಿದ್ದ ಕೊಕ್ಕೆಯ ಸ್ಕೇಲನ್ನೇ ತೆಗೆದು ಮರದ ಮೇಲೆ ಇಟ್ಟ.

ಆರುನೂರ ಎಂಬತ್ತೈದು.

ಕೊಕ್ಕೆಯಿಂದ ತುದಿ ಸರಿಯಾಗಿ ಕೂತಿಲ್ಲವೇನೋ ಎಂದುಕೊಂಡ. ತಿರುಗಿಸಿ ಇನ್ನೊಂದು ತುದಿಯಿಂದ ಅಳೆದ. ಎಂಬತ್ತೈದು. ತಾನು ಮಾಡಿದ್ದು ಎಪ್ಪತ್ತೆರಡಕ್ಕೆ. ಮರ ಬೆಳೆಯುತ್ತದೆಯೇ? ಮಳೆಗಾಲದ ತೇವಕ್ಕೆ ಉದ್ದಕ್ಕೆ ಮರ ಹದಿಮೂರು ಮಿಲಿಮೀಟರ್ ಹಿಗ್ಗಿದ್ದನ್ನು ಅವನು ಕಂಡಿಲ್ಲ. ಎದ್ದು ಕಪಾಟಿಗೆ ಹೋದ. ಮಖಮಲ್ಲಿನ ಪೆಟ್ಟಿಗೆಯ ಚಿಲಕ ತೆಗೆದ.

ಎರಡು ಸ್ಕೇಲನ್ನೂ ಮರದ ಮೇಲೆ ಅಕ್ಕಪಕ್ಕ ಇಟ್ಟ. ಒಂದು ತುದಿ ಕೂಡಿಸಿದ. ಅಂಗಡಿಯ ಸ್ಕೇಲು ಎಂಬತ್ತೈದು ಎನ್ನುವ ಕಡೆ ಅವನ ಸ್ಕೇಲು ಎಪ್ಪತ್ತೆರಡು ಎನ್ನುತ್ತಿತ್ತು.

ಆ ಮರವನ್ನು ಮರಳಿಗೆ ಒತ್ತಿ ಉಕ್ಕು ಹೊಯ್ದಿದ್ದರೆ, ಆರಿದ ಮೇಲೆ ಕರಾರುವಾಕ್ಕಾಗಿ ಆರುನೂರ ಎಪ್ಪತ್ತೆರಡು ಬರುತ್ತಿತ್ತು. ಕುಂದಿಲ್ಲದ ಕೆಲಸ. ಅವನು ಎಂಜಿನ್ನಿನ ನಕಲು ಮಾಡಿರಲಿಲ್ಲ, ಎಂಜಿನ್ನಿನ ಅಚ್ಚು ಮಾಡಿದ್ದ. ಬಾನೆಟ್ಟಿನ ಕೆಳಗಿನ ಜಾಗವನ್ನೂ ಅದೇ ಸ್ಕೇಲಿನಿಂದ ಅಳೆದಿದ್ದ. ಅರವತ್ತೇಳು ಎಂದು ಅವನು ಬರೆದುಕೊಂಡದ್ದು ನಿಜಕ್ಕೆ ಎಂಬತ್ತು. ಗುಣಾಕಾರಕ್ಕೆ ಕಾಗದವೇನೂ ಬೇಕಿರಲಿಲ್ಲ. ಜಾಗ ಆರುನೂರ ಎಂಬತ್ತು, ಎಂಜಿನ್ ಆರುನೂರ ಎಪ್ಪತ್ತೆರಡು. ಎಂಟು ಮಿಲಿಮೀಟರ್ ಮಿಕ್ಕುತ್ತಿತ್ತು. ಗ್ಯಾರೇಜಿನವನ ಅರ್ಧ ಬೆರಳು.

ಫೌಂಡ್ರಿಗೆ ಸೇರಿದ ಮೊದಲ ದಿನವೇ ಹೇಳಿಕೊಡುವ ಮಾತು ಅದು: ಯಾವ ಸ್ಕೇಲು ಕೈಯಲ್ಲಿದೆ ನೋಡಿಕೋ. ಅದನ್ನು ಅವನೇ ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದ. ಯಾರಿಗಾದರೂ ಇದನ್ನು ಹೇಳಿದರೆ ನಗುತ್ತಾರೆ, ಕಾರು ಎಲ್ಲೋ ಮುದ್ದೆಯಾಗಿ ಕರಗಿ ಇನ್ನೇನೋ ಆಗಿಹೋಗಿದೆ, ಅಕ್ಕನ ಎಡಗಾಲು ಇನ್ನು ಮಡಚುವುದಿಲ್ಲ. ಸರಿಮಾಡಲು ಜಗತ್ತಿನಲ್ಲಿ ಏನೂ ಉಳಿದಿರಲಿಲ್ಲ.

‘ಎಷ್ಟು ಬಂತೋ?’ ಎಂದಳು ಅಕ್ಕ ಮಂಚದಿಂದ.

ಅಕ್ಕ ಮೊಣಕೈ ಊರಿ ತಲೆಯೆತ್ತಿದಳು. ಮರದ ಮೇಲೆ ಎರಡು ಸ್ಕೇಲು ಅಕ್ಕಪಕ್ಕ ಮಲಗಿದ್ದವು, ಒಂದರ ಅಂಕಿಗೆ ಇನ್ನೊಂದರ ಅಂಕಿ ಹೊಂದದೆ. ಅವಳು ಫೌಂಡ್ರಿಯವಳಲ್ಲ. ಆದರೆ ಅವನು ಕೆಲಸ ಕಲಿತ ಮೊದಲ ವರ್ಷ, ರಾತ್ರಿ ಊಟ ಬಡಿಸುತ್ತಾ, ಕುಗ್ಗುವ ಉಕ್ಕಿನ ಕಥೆಯನ್ನೂ ದೊಡ್ಡ ಸ್ಕೇಲಿನ ಕಥೆಯನ್ನೂ ಅವನ ಬಾಯಿಂದ ನೂರು ಸಲ ಕೇಳಿದವಳು.

‘ಕೂರ್ತಿತ್ತು ಅಕ್ಕ’ ಎಂದ ಅವನು. ‘ಆ ಎಂಜಿನ್ನು ಕೂರ್ತಿತ್ತು. ನಾನು...’

ಬೈಯಲಿ, ಆ ಮರದ ತುಂಡು ಎತ್ತಿ ತಲೆಗೆ ಹೊಡೆಯಲಿ ಎಂದು ಕಾಯುತ್ತಾ ನೆಲದ ಮೇಲೆ ಕೂತ. ಅಕ್ಕ ಸ್ಕೇಲುಗಳಿಂದ ಕಣ್ಣು ತೆಗೆದು ಕಿಟಕಿಯಾಚೆ ನೋಡಿದಳು. ಎಣ್ಣೆಯ ಕಲೆಯ ಮೇಲೆ ಬಿಸಿಲು ಬಿದ್ದಿತ್ತು. ಆಮೇಲೆ ಕೈ ಚಾಚಿದಳು.

‘ಕೊಕ್ಕೆ ಇರೋದು ಇಲ್ಲಿ ಕೊಡು’ ಎಂದಳು. ‘ಪರದೆ ಎಳ್ಕೋಬೇಕು.’

ಅವನು ಕೊಟ್ಟ. ಅಕ್ಕ ಮಲಗಿದಲ್ಲಿಂದಲೇ ಕೊಕ್ಕೆ ಚಾಚಿ ಪರದೆಯನ್ನು ಪೂರ್ತಿ ಎಳೆದುಕೊಂಡು, ಗೋಡೆಯ ಕಡೆ ಮುಖ ತಿರುಗಿಸಿದಳು.